ಹೊಳೆಗೆ ಮೀನುಮರಿ ಬಿಡುವ ಮುನ್ನ

ಬೆಳಗಾವಿಯ ದಕ್ಷಿಣಕ್ಕಿರುವ ಖಾನಾಪುರ ತಾಲ್ಲೂಕಿನಿಂದ ಕಣಕುಂಬಿಯ ಮಲಪ್ರಭೆ ಪೂರ್ವಕ್ಕೂ ಭೀಮಗಡದ ಮಹದಾಯಿ ಪಶ್ಚಿಮಕ್ಕೂ ಹರಿಯುತ್ತವೆ. ನಡುವಣ ಬೆಟ್ಟದ ಏಣು ಮೀನಿಗೆ ದಾಟಲಾಗದ ಗೋಡೆಯೇ ಸರಿ. ಆದುದರಿಂದ ಸಾಕಿದ ಮರಿಗಳನ್ನು ಹೊಳೆಗೆ ಬಿಡುವಾಗ ಅವು ಎಲ್ಲಿಯವೆಂದು ನಾವು ಮೊದಲು ವಿಚಾರಿಸತಕ್ಕದ್ದು.

ಕಾವೇರಿಯಲ್ಲಿ ಹಾಗೆ ವಿಚಾರಿಸಲಿಲ್ಲ. 1970ರ ದಶಕದಿಂದ ಅಲ್ಲಿಗೆ ತಂದುಬಿಟ್ಟ, ಮಹಾರಾಷ್ಟ್ರದ ಲೋಣಾವಳದಲ್ಲಿ ಸಾಕಿದ ನೀಲಿ ರೆಕ್ಕೆಯ ಮಹಸೀರ್ ಮೀನು ಹೇರಳವಾಗಿ ಬೆಳೆಯಿತು. ಕಾವೇರಿಯದೇ ಆದ ಡುಬ್ಬದ ಮಹಸೀರ್ ಕ್ಷೀಣಿಸಿತು. (ಅಣೆಕಟ್ಟು, ಸಿಡಿಮದ್ದುಗಳ ಪಾಲೂ ಇದ್ದಿತೆನ್ನಿ.) 2018ರಲ್ಲಿ ವಿಜ್ಞಾನಿಗಳು ಇದನ್ನು ಟಾರ್ ರೆಮಾದೇವಿಯೆಂದು ಗುರುತಿಸುವ ವೇಳೆಗೆ ಅದು ಅಳಿವಿನ ಅಂಚಿಗೆ ಬಂದಿತ್ತು.

ತಾಯಿಮೀನನ್ನು ಅದೇ ಹೊಳೆಯಿಂದ ಆರಿಸಲು ಮರಿಕೇಂದ್ರವೊಂದೇ ಸಾಲದು; ಮುಂಗಾರಿನಲ್ಲಿ ಮೀನು ಯಾವ ಹಳ್ಳವನ್ನೇರುವುದೆಂಬುದನ್ನು ದಡದ ಬೆಸ್ತರೇ ಬಲ್ಲರು. ಕಾವಲೂ ಊರಿನದೇ. ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವಸ್ಥಾನದ ಬಳಿಯ ಕಪಿಲೆಯ ಮಹಸೀರ್‌ಗಳಿಗೆ ಜನರು ಆಹಾರ ಹಾಕುತ್ತಾರೆ, ಬಲೆ ಬೀಸಗೊಡರು.