‘ಕಂಪ್ಲೇಸೆಂಟ್’ ಬಳಸುವ ಮುನ್ನ

ಉದ್ಯೋಗದ ಅರ್ಜಿಯಲ್ಲಿ ‘ನನ್ನ ಕೆಲಸ ನನಗೆ ತೃಪ್ತಿ ಕೊಟ್ಟಿದೆ’ ಎನ್ನಲು ಹೊರಟು ‘ಐ ಆ್ಯಮ್ ಕಂಪ್ಲೇಸೆಂಟ್’ ಎಂದು ಬರೆದರೆ, ಓದಿದವರು ‘ಈತ ಮೈಮರೆತು ಕೂತಿದ್ದಾನೆ’ ಎಂದುಕೊಳ್ಳುತ್ತಾರೆ. ‘ಆತ್ಮತೃಪ್ತ’ ಎಂಬ ನಿಘಂಟಿನ ಅರ್ಥವನ್ನು ನಂಬಿದವರಿಗೆ ಹೀಗಾಗುವುದು ಸಹಜ. ನಮ್ಮಲ್ಲಿ ಆತ್ಮತೃಪ್ತಿ ಮೆಚ್ಚುವ ಮಾತು. ಇಂದಿನ ಇಂಗ್ಲಿಷಿನಲ್ಲಿ ಕಂಪ್ಲೇಸೆಂಟ್ ಆಕ್ಷೇಪದ ಮಾತು.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದದ್ದು: ನಾನು ಮೆಚ್ಚುತ್ತಿದ್ದೇನೆಯೇ, ದೂರುತ್ತಿದ್ದೇನೆಯೇ? ಮೆಚ್ಚುಗೆಯಾದರೆ ‘ಸ್ಯಾಟಿಸ್ಫೈಡ್’ ಅಥವಾ ‘ಕಂಟೆಂಟ್’ ಸಾಕು.

ದೂರುವುದಾದರೆ ಎರಡನೆಯ ಪರೀಕ್ಷೆ: ಆ ನೆಮ್ಮದಿಯ ಹಿಂದೆ ಕಾಣದ ಅಪಾಯವೊಂದು ಇದೆಯೇ? 1983ರ ವಿಶ್ವಕಪ್ ಫೈನಲ್ ನೆನಪಿಸಿಕೊಳ್ಳಿ. 1975, 1979ರಲ್ಲಿ ಕಪ್ ಗೆದ್ದಿದ್ದ ವೆಸ್ಟ್ ಇಂಡೀಸ್‌ಗೆ ಲಾರ್ಡ್ಸ್‌ನಲ್ಲಿ ಬೇಕಿದ್ದದ್ದು 184 ರನ್. ತಂಡ 140ಕ್ಕೆ ಆಲೌಟಾಯಿತು. ‘ಇಷ್ಟೇ ತಾನೆ’ ಎಂಬ ಸಡಿಲಿಕೆಯಿಂದ ಸೋತರು ಎನ್ನುವವರು ಬಳಸುವ ಪದವೇ ‘ಕಂಪ್ಲೇಸೆನ್ಸಿ’. ‘ಓವರ್‌ಕಾನ್ಫಿಡೆನ್ಸ್’ ಇದಕ್ಕಿಂತ ಕೊಂಚ ಬೇರೆ. ಅಲ್ಲಿ ಸಾಮರ್ಥ್ಯದ ಅಂದಾಜು ತಪ್ಪುತ್ತದೆ. ಇಲ್ಲಿ ಸಾಮರ್ಥ್ಯ ನಿಜವೇ ಇರಬಹುದು, ಎಚ್ಚರ ಮಾತ್ರ ಸಡಿಲಾಗಿರುತ್ತದೆ. ಕನ್ನಡಕ್ಕೆ ತರುವಾಗ ನನ್ನ ಆಯ್ಕೆ ‘ಮೈಮರೆವು’. ಕೊರೊನಾ ಕಾಲದಲ್ಲಿ ಕೇಳಿಬರುತ್ತಿದ್ದ ‘ಮೈಮರೆಯಬೇಡಿ’ ಎಂಬ ಎಚ್ಚರಿಕೆಯಲ್ಲಿ ಇದೇ ಅರ್ಥ ಚೊಕ್ಕವಾಗಿ ಕೂತಿದೆ.

ವಾಕ್ಯ ಕಟ್ಟುವಾಗ ಸಾಮಾನ್ಯವಾಗಿ ಜೊತೆಗೆ ‘ಅಬೌಟ್’ ಬರಲಿ: ‘ವಿ ಕೆನಾಟ್ ಬಿ ಕಂಪ್ಲೇಸೆಂಟ್ ಅಬೌಟ್ ಸೇಫ್ಟಿ’. ‘ಸ್ಯಾಟಿಸ್ಫೈಡ್ ವಿತ್’ ಬಾಯಿಗೆ ರೂಢಿಯಾಗಿರುವುದರಿಂದ ಇಲ್ಲೂ ‘ವಿತ್’ ನುಸುಳುತ್ತದೆ. ವ್ಯಕ್ತಿ, ತಂಡ, ಸರ್ಕಾರ ಕಂಪ್ಲೇಸೆಂಟ್ ಆಗಬಹುದು. ಆ ಗುಣದ ಹೆಸರು ಕಂಪ್ಲೇಸೆನ್ಸಿ.

ತನ್ನ ಹೆಚ್ಚುಗಾರಿಕೆ ಮುಖದಲ್ಲೇ ಎದ್ದು ಕಂಡು ಎದುರಿನವರನ್ನು ಕೆರಳಿಸುವಂತಿದ್ದರೆ ‘ಸ್ಮಗ್’ ಎನ್ನಿ. ಬೀಗುವ ನಗೆಗೆ ‘ಸ್ಮಗ್ ಸ್ಮೈಲ್’ ಎನ್ನುವುದು ಅದಕ್ಕೇ. ಕಂಪ್ಲೇಸೆಂಟ್ ಆದವರು ಬೀಗಲೇಬೇಕೆಂದಿಲ್ಲ, ಸದ್ದಿಲ್ಲದೆಯೂ ಮೈಮರೆಯಬಹುದು.

‘ಕಂಪ್ಲೇಸಂಟ್’ ಎಂದೋ ‘ಕಂಪ್ಲೇಝಂಟ್’ ಎಂದೋ ಕೇಳಿಸುವ, ನಡುವೆ ‘ಎ’, ‘ಐ’, ‘ಎಸ್’ ಅಕ್ಷರಗಳಿರುವ ಇನ್ನೊಂದು ಪದವುಂಟು. ಅದರ ಅರ್ಥ ಇತರರ ಇಷ್ಟಕ್ಕೆ ಒಗ್ಗಿ ನಡೆಯುವವರು ಎಂದು. ಎರಡರ ಮೂಲವೂ ‘ಮೆಚ್ಚಿಸು’ ಎಂಬರ್ಥದ ಒಂದೇ ಲ್ಯಾಟಿನ್ ಧಾತು. ಜೇನ್ ಆಸ್ಟೆನ್ ಕಾದಂಬರಿಗಳನ್ನು ಓದುವವರಿಗೆ ಇನ್ನೊಂದು ಮಾತು: ಅಲ್ಲಿ ‘ಕಂಪ್ಲೇಸೆನ್ಸಿ’ ಎಂದರೆ ಎಷ್ಟೋ ಕಡೆ ಬರಿಯ ಸಂತೋಷ, ಪ್ರಸನ್ನತೆ. ಆ ಪುಟಗಳಲ್ಲಿ ಈಗಿನ ಆಕ್ಷೇಪದ ಅರ್ಥವನ್ನು ಹುಡುಕಬೇಡಿ.