ಮುಖ ಸಾಕು, ಮಗ್ಗುಲು ತೆಗೆಯಿರಿ

ಬಂಡೀಪುರ, ನಾಗರಹೊಳೆಯ ಕಾಡಂಚಿನಲ್ಲಿ ಕ್ಯಾಮೆರಾ ಹಿಡಿದು ಓಡಾಡುತ್ತ ಕಲಿತದ್ದಿಷ್ಟು. ಲೆನ್ಸು, ಶಟರ್ ವೇಗದ ಪಾಠ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ; ಆ ಮಾತು ಇಲ್ಲಿಲ್ಲ.

1. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಅದೇ ಹುಲಿಯ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿಗೂ ಹೊಂದುವುದಿಲ್ಲ. ತೊಂಬತ್ತರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು ಹುಲಿ ಎಣಿಸಿದ್ದು ಈ ಪಟ್ಟೆಗಳನ್ನೇ ನಂಬಿ. ಸಫಾರಿಯಲ್ಲಿ ಎಲ್ಲರೂ ಕಾಯುವುದು ಹುಲಿ ತಿರುಗಿ ನೋಡಲಿ ಎಂದು. ಗೋಡೆಗೆ ಆ ಮುಖದ ಚಿತ್ರ ಚೆಂದವೇ. ಆದರೆ ಎಲ್ಲೋ ಹುಲಿಚರ್ಮ ಸಿಕ್ಕಿಬಿದ್ದಾಗ ಅದು ಯಾವ ಕಾಡಿನದೆಂದು ಹೇಳಬಲ್ಲದ್ದು ಮಗ್ಗುಲಿನ ಚಿತ್ರ. ಎರಡೂ ಕಡೆಯದು ಸಿಕ್ಕರೆ ತೆಗೆದಿಡಿ.

2. ಗೂಡು, ಗುಹೆ, ಮರಿಗಳಿರುವ ಜಾಗ ಯಾರಿಗೂ ಹೇಳಬೇಡಿ. ಮೊಬೈಲ್ ಚಿತ್ರದೊಳಗೆ ಜಿಪಿಎಸ್ ಗುರುತು ಕೂತಿರುತ್ತದೆ, ಅಳಿಸಿ.

3. ಸಫಾರಿ ಗೇಟಿನಾಚೆಯ ಊರುಗಳಿಗೆ ಹೋಗಿ. ಹುಲಿಯ ಉಳಿವು ತೀರ್ಮಾನವಾಗುವುದು ಅಲ್ಲಿನ ಕೊಟ್ಟಿಗೆಗಳಲ್ಲಿ. ಹಸು ಹಿಡಿದ ಹುಲಿ ಉಳಿದದ್ದನ್ನು ತಿನ್ನಲು ಮತ್ತೆ ಬರುತ್ತದೆ. ಪರಿಹಾರದ ಹಣ ಬರುತ್ತದೆಂಬ ನಂಬಿಕೆ ಕಳೆದುಕೊಂಡವರು ಅಷ್ಟರಲ್ಲಿ ಹಸುವಿನ ಹೆಣಕ್ಕೆ ಕ್ರಿಮಿನಾಶಕ ಸುರಿದಿರುತ್ತಾರೆ. ಅವರನ್ನು ಬೈದು ಲೇಖನ ಬರೆಯುವುದು ಸುಲಭ. ಹಾಲಿನ ದುಡ್ಡಲ್ಲಿ ಮನೆ ನಡೆಸುವವರ ಕಷ್ಟ ಬೇರೆ. ‘ವೈಲ್ಡ್‌ಸೇವೆ’ ಯೋಜನೆಯವರು 2015ರಿಂದ ಈ ಭಾಗದಲ್ಲಿ ಪರಿಹಾರದ ಅರ್ಜಿ ಹಾಕಲು ರೈತರಿಗೆ ನೆರವಾಗುತ್ತಿದ್ದಾರೆ. ಅರ್ಜಿಗೆ ಚಿತ್ರ ಬೇಕು. ಕುತ್ತಿಗೆಯಲ್ಲಿ ಹಲ್ಲು ಇಳಿದ ಗುರುತು, ಕಿವಿಯ ಹಳದಿ ಓಲೆಯ ಮೇಲಿನ ಸಂಖ್ಯೆ, ಪಕ್ಕದಲ್ಲೊಂದು ಬೆಂಕಿಪೊಟ್ಟಣ ಇಟ್ಟು ತೆಗೆದ ಹೆಜ್ಜೆಗುರುತು. ಯಾವ ಸ್ಪರ್ಧೆಯಲ್ಲೂ ಬಹುಮಾನ ಬಾರದ ಈ ಚಿತ್ರಗಳನ್ನೇ ನಾನು ಹೆಚ್ಚು ಜೋಪಾನ ಮಾಡುತ್ತೇನೆ.

4. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳನ್ನು ಬಿಡುವುದಿಲ್ಲ, ಪ್ರಾಣಿಗಳು ನೆಮ್ಮದಿಯಾಗಿ ದಾಟಲೆಂದು. ಹಗಲಲ್ಲಿ ನಾವೇ ಕಾರು ನಿಲ್ಲಿಸಿ, ಬಿಸ್ಕತ್ತು ತೋರಿಸಿ ಅವನ್ನು ರಸ್ತೆಗೆ ಕರೆದರೆ ಆ ನಿಷೇಧ ಯಾಕೆ ಬೇಕು?

5. ಬೈಕಿನ ಕ್ಲಚ್ ವೈರು ನೋಡಿದರೆ ಏನೂ ಅನ್ನಿಸುವುದಿಲ್ಲ. ಬೇಲಿಯ ಸಂದಿಯಲ್ಲಿ ಕುಣಿಕೆಯಾದರೆ ಅದೇ ಉರುಳು. ಹಾಕಿದ್ದು ಹಂದಿಗೆ, ಬೀಳುವುದು ಚಿರತೆ. ಎಳೆದಷ್ಟೂ ಸೊಂಟಕ್ಕೆ ಬಿಗಿಯುತ್ತದೆ. ಸುತ್ತ ಜನ ಸೇರಿ ಮೊಬೈಲ್ ಎತ್ತಿದಷ್ಟೂ ಅದು ಗಾಬರಿಯಿಂದ ಎಳೆಯುತ್ತದೆ. ಆಗ ಕ್ಯಾಮೆರಾ ಚೀಲದಲ್ಲಿರಲಿ. ಬಿಡಿಸುವ ಸಾಹಸ ಬೇಡ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಅರಿವಳಿಕೆ ಕೊಡುವ ವೈದ್ಯರು ಬರುವವರೆಗೆ ಜನರನ್ನು ದೂರ ನಿಲ್ಲಿಸಿ.