ಕೆರೆ ತುಂಬುವ ಮೊದಲೇ ಅರ್ಜಿ ಹಾಕಿ

ಬೇಸಿಗೆಯಲ್ಲಿ ಊರ ಕೆರೆಯ ಹೂಳು ಎತ್ತುತ್ತಾರೆ. ಜೆಸಿಬಿ ಬರುತ್ತದೆ, ಟ್ರಾಕ್ಟರುಗಳು ಓಡಾಡುತ್ತವೆ, ನಾಲ್ಕು ದಿನ ಧೂಳೇಳುತ್ತದೆ. ಮಳೆ ಹಿಡಿದು ಮೊಣಕಾಲುದ್ದ ನೀರು ನಿಂತಿತೋ, ಮುಗಿಯಿತು. ಒಂದು ಮೀಟರ್ ಆಳಕ್ಕೆ ತೆಗೆದರೋ, ಮೇಲೆಮೇಲೆ ಕೆರೆದು ಬಿಟ್ಟರೋ, ಆಮೇಲೆ ಅಳೆದು ಹೇಳುವವರಿಲ್ಲ. ಬಿಲ್ಲಂತೂ ಪಾಸಾಗಿರುತ್ತದೆ. ಸುತ್ತಲಿನ ಕೊಳವೆಬಾವಿಗಳು ಬತ್ತಿದಾಗ ಅದೇ ಕೆರೆಗೆ ಇನ್ನೊಂದು ಅಂದಾಜು ಪಟ್ಟಿ ತಯಾರಾಗುತ್ತದೆ.

ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಹದಿನಾರನೆಯದು ಜನರಿಗೆ ಮಾಹಿತಿ ಸಿಗಬೇಕು ಎಂಬುದನ್ನೂ ಸೇರಿಸಿಕೊಂಡಿದೆ. ಅದು ಯಾಕೆ ಬೇಕೆಂಬುದು ಇಂಥ ಕೆರೆಯ ಏರಿ ಮೇಲೆ ನಿಂತವರಿಗೆ ತಾನಾಗಿ ತಿಳಿಯುತ್ತದೆ. ಮುಂದಿನ ತಲೆಮಾರಿಗೂ ನೀರು ಉಳಿಯಬೇಕಾದರೆ ಹೂಳು ನಿಜವಾಗಿ ಹೊರಗೆ ಹೋಗಬೇಕು. ಹೋಗಿದೆಯೇ ಎಂದು ನೋಡುವ ಹಕ್ಕನ್ನು 2005ರ ಮಾಹಿತಿ ಹಕ್ಕು ಕಾಯ್ದೆ ನಮಗೆ ಕೊಟ್ಟಿದೆ.

ಆ ಹಕ್ಕು ಕಾಗದದ ಪ್ರತಿಗಷ್ಟೇ ಸೀಮಿತವೆಂದು ಬಹಳ ಜನ ತಿಳಿದಿದ್ದಾರೆ. ಕಾಯ್ದೆಯ 2(ಜೆ) ಕಲಮನ್ನು ಓದಿ. ಕಾಮಗಾರಿಯನ್ನು ಖುದ್ದು ಪರಿಶೀಲಿಸಬಹುದು, ದಾಖಲೆ ನೋಡಿ ಟಿಪ್ಪಣಿ ಮಾಡಿಕೊಳ್ಳಬಹುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನೂ ಪಡೆಯಬಹುದು. ಕೋಡಿ ದುರಸ್ತಿಗೆ ಹಾಕಿದ ಕಾಂಕ್ರೀಟು ಉಗುರಿಗೇ ಪುಡಿಯಾಗುತ್ತಿದ್ದರೆ ಅದರ ಮಾದರಿ ಕೇಳುವುದು ನಿಮ್ಮ ಹಕ್ಕು.

ಕೆರೆ ಗ್ರಾಮ ಪಂಚಾಯಿತಿಯದಾದರೆ ಅರ್ಜಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ). ಅದು ಸಣ್ಣ ನೀರಾವರಿ ಇಲಾಖೆಯದೋ ಪಂಚಾಯಿತಿಯದೋ ಗೊತ್ತಿಲ್ಲವೆಂದು ಹಿಂಜರಿಯಬೇಡಿ. ತಮಗೆ ಸೇರದ ಅರ್ಜಿಯನ್ನು ಸಂಬಂಧಪಟ್ಟ ಕಚೇರಿಗೆ 5 ದಿನದೊಳಗೆ ಕಳಿಸುವುದು ಅವರದೇ ಹೊಣೆ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳಲು ಅಧಿಕಾರಿ ನೆರವಾಗಬೇಕು. ಯಾಕೆ ಬೇಕೆಂದು ಕಾರಣ ಕೇಳುವಂತಿಲ್ಲ.

ಎಡವುವುದು ಬರೆಯುವಾಗ. ‘ಕೆಲಸ ಯಾಕೆ ಕಳಪೆ?’ ಎಂದು ಕೇಳಿದರೆ ‘ಇದು ಮಾಹಿತಿಯಲ್ಲ’ ಎಂಬ ಉತ್ತರ ಬರುತ್ತದೆ. ಕಚೇರಿಯಲ್ಲಿ ಇರುವ ಕಾಗದವನ್ನು ಹೆಸರಿಟ್ಟು ಕೇಳಿ: ಮಂಜೂರಾದ ಅಂದಾಜು ಪಟ್ಟಿ, ಕಾರ್ಯಾದೇಶ, ಅಗೆಯುವ ಮುಂಚೆ ತೆಗೆದ ಮಟ್ಟಗಳ ದಾಖಲೆ, ಅಳತೆ ಪುಸ್ತಕದ ಪುಟಗಳು, ಪಾವತಿ ವೋಚರು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಕೆರೆಯ ಜೊತೆಗೆ ಬೀದಿದೀಪವನ್ನೂ ತುರುಕಿದರೆ ತಿರಸ್ಕರಿಸಲು ನೀವೇ ನೆಪ ಕೊಟ್ಟಂತೆ.

ಇನ್ನು ದಿನದ ಲೆಕ್ಕ. ಉತ್ತರಕ್ಕೆ 30 ದಿನ. ಬರದಿದ್ದರೆ, ಅಥವಾ ಬಂದದ್ದು ಸಾಲದಿದ್ದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಪಂಚಾಯಿತಿಯ ವಿಷಯದಲ್ಲಿ ಅದು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ. ಅವರು ತೀರ್ಮಾನಿಸಲು 30 ದಿನ, ಹೆಚ್ಚೆಂದರೆ 45. ಅಲ್ಲಿಗೇ ಎರಡೂವರೆ ತಿಂಗಳು! ಮೇ ತಿಂಗಳಲ್ಲಿ ಅರ್ಜಿ ಹಾಕಿದವರಿಗೆ ಉತ್ತರ ಬರುವಷ್ಟರಲ್ಲಿ ಕೆರೆಯಲ್ಲಿ ನೀರು. ಆದ್ದರಿಂದ ಕಾರ್ಯಾದೇಶ ಆಗಿದೆಯೆಂಬ ಸುದ್ದಿ ಕಿವಿಗೆ ಬಿದ್ದ ವಾರವೇ, ಶಿವರಾತ್ರಿ ಆಸುಪಾಸಿನಲ್ಲೇ, ಅಂದಾಜು ಪಟ್ಟಿ ಮತ್ತು ಮೊದಲ ಮಟ್ಟಗಳನ್ನು ಕೇಳಿ. ಕಾಮಗಾರಿ ಪರಿಶೀಲನೆಗೆ ಪ್ರತ್ಯೇಕ ಅರ್ಜಿ ಹಾಕಿ. ಅಳತೆ ಪುಸ್ತಕಕ್ಕೆ ಆಮೇಲೆ ಇನ್ನೊಂದು.

ಅವಧಿ ಮೀರಿ ಕೊಟ್ಟ ಪ್ರತಿಗಳಿಗೆ ಹಣ ಕಟ್ಟಬೇಕಿಲ್ಲ. ಮೇಲ್ಮನವಿಯಲ್ಲೂ ನ್ಯಾಯ ಸಿಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗಬಹುದು. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕುತ್ತದೆ. ವೈಯಕ್ತಿಕ ಮಾಹಿತಿಗಿರುವ ವಿನಾಯಿತಿಯನ್ನು 2023ರ ದತ್ತಾಂಶ ರಕ್ಷಣಾ ಕಾಯ್ದೆ ಹಿಗ್ಗಿಸಿದ್ದು ನನಗೆ ಆತಂಕದ ಸಂಗತಿ. ಆದರೂ ಕೆರೆಯ ಆಳ ಯಾರೊಬ್ಬರ ಖಾಸಗಿ ವಿಷಯವಲ್ಲ. ಹೆಸರುಗಳ ನೆಪ ಹೇಳಿದರೆ, 10ನೇ ಕಲಮಿನಂತೆ ಅವನ್ನು ಮುಚ್ಚಿ ಉಳಿದದ್ದನ್ನು ಕೊಡಿ ಎನ್ನಿ.

ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರಿಂದ ಜನಸುನವಾಯಿ, ಅಂದರೆ ಸಾರ್ವಜನಿಕ ವಿಚಾರಣೆ, ನಡೆಸಿ, ಕೂಲಿ ಪಟ್ಟಿ, ಬಿಲ್ಲುಗಳನ್ನು ಊರವರೆದುರು ಗಟ್ಟಿಯಾಗಿ ಓದಿದರು. ಈ ಕಾಯ್ದೆಯ ಬೇರು ಅಲ್ಲಿದೆ. ನೀವೂ ಹಾಗೆಯೇ ಮಾಡಿ. ಪ್ರತಿಗಳು ಕೈಗೆ ಬಂದ ದಿನ ನಾಲ್ಕು ಜನ ಟೇಪು ಹಿಡಿದು ಕೆರೆಗೆ ಇಳಿಯಿರಿ, ತೂಬಿನ ಬಳಿಯಿಂದ ಅಳೆಯುತ್ತಾ ಬನ್ನಿ, ದಿನಾಂಕ ಬರೆದಿಡಿ, ಫೋಟೊ ತೆಗೆಯಿರಿ. ಅಳತೆ ಪುಸ್ತಕದ ಅಂಕಿ, ನಿಮ್ಮ ಟೇಪಿನ ಅಂಕಿ, ಎರಡನ್ನೂ ಮುಂದಿನ ಗ್ರಾಮಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆಸಿ.